ತೌಡು ಕೊಟ್ಟು ತಂದ ಮಗ

ಮಗಳ ಮೂಗಿನಲ್ಲಿ ರಕ್ತ ಸುರಿದರೆ ಅಪ್ಪನಾದವನು ಗಾಬರಿಯಾಗಬೇಕು. ಈ ಪುಣ್ಯಾತ್ಮ ಹಿಗ್ಗಿ ಹೀರೇಕಾಯಿಯಾದ.

ಭಾನುವಾರದ ಮಧ್ಯಾಹ್ನ ಇಡೀ ಮನೆ ಊಟಕ್ಕೆ ಕೂತಿತ್ತು. ಎರಡನೇ ಸಲ ಅನ್ನ ಬಡಿಸುವ ಹೊತ್ತಿಗೆ ಗುಬ್ಬಿಯ ತಟ್ಟೆಯ ಅಂಚಿಗೆ ಟಪ್ಪೆಂದು ಒಂದು ಕೆಂಪು ಹನಿ ಬಿತ್ತು, ಅದರ ಹಿಂದೆಯೇ ಇನ್ನೊಂದು. ಅವಳ ಅಮ್ಮ ಸೌಟು ಕೆಳಗಿಟ್ಟು ಬರುವಷ್ಟರಲ್ಲಿ ಅಪ್ಪ ಮಗಳನ್ನು ಎತ್ತಿಕೊಂಡು, ಮೂಗು ಹಿಡಿದು, ಎದುರಿಗೆ ಕೂತಿದ್ದ ತನ್ನ ಅಪ್ಪನ ಮುಂದೆ ತಂದು ನಿಲ್ಲಿಸಿಯಾಗಿತ್ತು.

"ನೋಡಪ್ಪಾ, ಇಲ್ಲಿ ನೋಡು! ನಿನ್ನ ಮೊಮ್ಮಗಳು!"

ಯಜಮಾನರು ಕನ್ನಡಕ ಏರಿಸಿಕೊಂಡು, ಗಿರಾಕಿಯ ಕೋಟಿನ ಕಲೆ ಪರೀಕ್ಷಿಸುವ ಗಾಂಭೀರ್ಯದಲ್ಲೇ ಮೊಮ್ಮಗಳ ಮೂಗು ಪರೀಕ್ಷಿಸಿದರು.

"ಹೌದಲ್ಲೋ! ಅಪ್ಪಟ ನಮ್ಮ ಮನೆ ಮೂಗು! ಬಾ ಗುಬ್ಬಿ, ಇವತ್ತಿನಿಂದ ನೀನು ನನ್ನ ಪಕ್ಕದಲ್ಲಿ ಕೂತು ಉಣ್ಣಬೇಕು." ತಮ್ಮ ಪಾಲಿನ ಮೊಟ್ಟೆಯನ್ನೂ ಅವಳ ತಟ್ಟೆಗೆ ಹಾಕಿದರು.

"ಮಗೂಗೆ ರಕ್ತ ಬರ್ತಿದೆ, ಇವರಿಬ್ಬರಿಗೂ ಹಬ್ಬ," ಎಂದು ಗುಬ್ಬಿಯ ಅಮ್ಮ ಗೊಣಗುತ್ತ ಟವೆಲ್ ತಂದಳು. ಕಡುಗೆಂಪು ಟವೆಲ್. ಆ ಮನೆಯಲ್ಲಿ ಬೇರೆ ಬಣ್ಣದ ಟವೆಲ್ಲೇ ಇರಲಿಲ್ಲ.

ಅದಕ್ಕೊಂದು ಕಾರಣವಿತ್ತು. ಕೆಳಗೆ ಲಾಂಡ್ರಿ, ಮೇಲೆ ಮನೆ. ಬಟ್ಟೆ ಒಗೆದು ಇಸ್ತ್ರಿ ಮಾಡುವ ಕಸುಬು ಯಜಮಾನರಿಗೆ ಅವರ ಅಪ್ಪನಿಂದ ಬಂದದ್ದು, ಮೂಗಿನ ರಕ್ತವೂ ಅವರಿಂದಲೇ ಬಂದದ್ದು. ಯಜಮಾನರಿಗೆ ವಾರಕ್ಕೆರಡು ಸಲವಾದರೂ ಮೂಗು ಸೋರುತ್ತಿತ್ತು, ದೊಡ್ಡ ಮಗಳಿಗೂ ಹಾಗೆಯೇ. ಬೇರೆ ಮನೆಯವರಾಗಿದ್ದರೆ ದಿಂಬಿನ ಮೇಲಿನ ಕಲೆ ಕಂಡು ಎದೆ ಒಡೆದುಕೊಂಡು ಆಸ್ಪತ್ರೆಗೆ ಓಡುತ್ತಿದ್ದರು. ಕಲೆ ತೆಗೆಯುವುದೇ ಕಸುಬಾದ ಈ ಜನ ಅದನ್ನು ತಣ್ಣೀರಿಗೆ ಉಪ್ಪು ಹಾಕಿ ನೆನೆಯಿಟ್ಟು, ಮಧ್ಯಾಹ್ನಕ್ಕೆ ಬೆಳ್ಳಗೆ ಮಾಡಿ ಹಗ್ಗಕ್ಕೆ ಹಾಕುತ್ತಿದ್ದರು. ಕಲೆಯ ಜೊತೆಗೆ ಚಿಂತೆಯೂ ತೊಳೆದು ಹೋಗುತ್ತಿತ್ತು. ಯಜಮಾನರ ತಂಗಿ ತುಂಬು ಪ್ರಾಯದಲ್ಲಿ, ತಲೆನೋವು ಎಂದು ಮಲಗಿದವಳು ಏಳಲೇ ಇಲ್ಲ. ಅವಳ ಮೂಗೂ ಸೋರುತ್ತಿತ್ತು. ಆದರೆ ಆ ಎರಡನ್ನೂ ಒಟ್ಟಿಗೆ ಇಟ್ಟು ನೋಡುವ ಯೋಚನೆ ಯಾರ ತಲೆಗೂ ಹೊಳೆಯಲಿಲ್ಲ. ಮೂಗಿನದು ಉಷ್ಣ, ಸಾವು ಹಣೆಬರಹ ಅಂದುಕೊಂಡರು.

ಮೂಗು ಒಣಗಿದ್ದವನು ಒಬ್ಬನೇ, ಗುಬ್ಬಿಯ ಅಪ್ಪ. ಕಿರಿಯ ಮಕ್ಕಳಿಗೆ "ನಿನ್ನನ್ನ ತೌಡು ಕೊಟ್ಟು ತಗೊಂಡಿದ್ದು ಕಣೋ" ಎಂದು ರೇಗಿಸುವುದು ಎಲ್ಲ ಮನೆಯಲ್ಲೂ ಇರುವುದೇ. ಮಗು ಒಂದೆರಡು ದಿನ ಅತ್ತು ಮರೆಯುತ್ತದೆ. ಇಲ್ಲಿ ಮಾತ್ರ ಸಾಕ್ಷಿಯೊಂದು ಸಿಕ್ಕಿಬಿಟ್ಟಿದ್ದರಿಂದ ತಮಾಷೆ ಗಟ್ಟಿಯಾಗಿ, ಹುಡುಗನ ಹೆಸರೇ ತೌಡು ಎಂದಾಯಿತು. "ಹೊತ್ತು ಹೆತ್ತವಳು ನಾನು ಇಲ್ಲೇ ಕೂತಿದೀನಿ. ಯಾವ ಅಂಗಡೀಲಿ ತೌಡು ಕೊಟ್ರಿ, ರಸೀದಿ ತೋರಿಸಿ ನೋಡೋಣ," ಎಂದು ಅಮ್ಮ ಜಗಳಕ್ಕೆ ನಿಲ್ಲುತ್ತಿದ್ದಳು. ಎಲ್ಲರೂ ನಗುತ್ತಿದ್ದರು, ತೌಡುವೂ ನಗುತ್ತಿದ್ದ. ಚಿಕ್ಕವನಿದ್ದಾಗ ಒಮ್ಮೆ ಪೆನ್ಸಿಲ್ ಮೊನೆಯಿಂದ ಮೂಗು ಗೀರಿಕೊಂಡು ನಾಲ್ಕು ಹನಿ ರಕ್ತ ತರಿಸಿ ಅಪ್ಪನ ಮುಂದೆ ನಿಂತಿದ್ದ. ಅಪ್ಪ ಒಂದೇ ನೋಟಕ್ಕೆ ಕಳ್ಳಾಟ ಹಿಡಿದು ಕಿವಿ ಹಿಂಡಿದ್ದರು. ಈಗ ಕಿವಿಯ ಹತ್ತಿರ ಕೂದಲು ನರೆತಿತ್ತು, ಇಸ್ತ್ರಿ ಮೇಜು ಪೂರ್ತಿ ಅವನದೇ ಆಗಿತ್ತು, ಆದರೂ ಆ ಹೆಸರು ಕೂಗಿದಾಗಲೆಲ್ಲ ಅವನಿಗೆ ಒಳಗೆಲ್ಲೋ ಚುಳ್ಳೆನ್ನುತ್ತಿತ್ತು. ಅಂಥವನ ಮಗಳಿಗೆ ಮೂಗು ಸೋರಿತೆಂದರೆ! ಅವತ್ತು ಸಂಜೆಯವರೆಗೆ ಅವನು ಶಿಳ್ಳೆ ಹಾಕಿಕೊಂಡೇ ಷರ್ಟುಗಳ ಕಾಲರು ಕೂರಿಸಿದ.

ಅಕ್ಕ ಬಿದ್ದದ್ದು ಅದಾದ ಮುಂದಿನ ವಾರ.

ಅಕ್ಕ ಮದುವೆಯಾಗಲಿಲ್ಲ, ಲಾಂಡ್ರಿಯ ಕೌಂಟರೇ ಅವಳ ಸಂಸಾರ. ಯಾವ ಪ್ಯಾಂಟು ಯಾರದು ಎಂಬುದು ಚೀಟಿ ನೋಡದೆ ಗೊತ್ತು, ಯಾರ ಸಂಸಾರ ಹೇಗಿದೆ ಎಂಬುದು ಅವರ ಬಟ್ಟೆ ನೋಡಿದರೆ ಗೊತ್ತು. ಆ ಬೆಳಿಗ್ಗೆ ತಲೆ ಸಿಡಿಯುತ್ತಿದೆ ಎಂದು ಎರಡು ಲೋಟ ಚಹಾ ಕುಡಿದಳು. ಒಬ್ಬ ಗಿರಾಕಿಯ ಷರ್ಟಿಗೆ ಚೀಟಿ ಸಿಕ್ಕಿಸಲು ಹೋದರೆ ಪಿನ್ನು ಕೈಯಿಂದ ಜಾರಿತು. ಮತ್ತೆ ಎತ್ತಿಕೊಂಡಳು, ಮತ್ತೆ ಜಾರಿತು. "ಏನಕ್ಕಾ, ಬೆಳಿಗ್ಗೆ ಬೆಳಿಗ್ಗೆ ಕುಡಿದು ಬಂದಿದೀಯಾ?" ಎಂದು ತೌಡು ಇಸ್ತ್ರಿ ಮೇಜಿನಿಂದಲೇ ಕೆಣಕಿದ. ಅವಳು ಏನೋ ಉತ್ತರ ಕೊಟ್ಟಳು. ಮಾತು ಮುದ್ದೆಯಾಗಿ ಬಂತು. ಆಮೇಲೆ ಕೌಂಟರಿನ ಹಿಂದೆ ಅವಳು ಕಾಣಲಿಲ್ಲ.

ಬಟ್ಟೆ ಸಾಗಿಸುವ ವ್ಯಾನಿನಲ್ಲಿ, ಒಗೆದು ಮಡಿಸಿದ ಯಾರದೋ ಹಾಸಿಗೆ ಬಟ್ಟೆಗಳ ಮೇಲೆ ಮಲಗಿಸಿ ತೌಡು ಅವಳನ್ನು ಆಸ್ಪತ್ರೆಗೆ ಒಯ್ದ. ಮೆದುಳಿನಲ್ಲಿ ರಕ್ತಸ್ರಾವವಾಗಿತ್ತು. ಜೀವ ಉಳಿಯಿತು. ಬಲಗೈಯೂ ನಾಲಿಗೆಯೂ ಅರ್ಧ ಮುಷ್ಕರ ಹೂಡಿದವು.

ಡಾಕ್ಟರಮ್ಮ ಅವಳ ತುಟಿಯ ಮೇಲಿದ್ದ ಸಣ್ಣ ಕೆಂಪು ಚುಕ್ಕೆಗಳನ್ನು ನೋಡಿ, ಮನೆಯವರನ್ನೆಲ್ಲ ಕೂರಿಸಿಕೊಂಡು ಕೇಳಿದರು. "ಇವರಿಗೆ ಮೂಗಲ್ಲಿ ರಕ್ತ ಬರ್ತಿತ್ತಾ?"

"ನಮ್ಮ ಮನೇಲಿ ಎಲ್ಲರಿಗೂ ಬರತ್ತೆ!" ಎಂದರು ಯಜಮಾನರು. ಆ ಹೊತ್ತಿನಲ್ಲೂ ದನಿಯಲ್ಲಿ ಚೂರು ಜಂಬವಿತ್ತು. "ನನ್ನ ಅಪ್ಪನಿಗಿತ್ತು, ತಂಗಿಗಿತ್ತು. ಉಷ್ಣದ ಮೈ ಡಾಕ್ಟ್ರೇ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ."

"ಇದೆ ಯಜಮಾನ್ರೇ. ಎರಡೂ ಒಂದೇ ಕಾಯಿಲೆ." ಅವರು ನಿಧಾನವಾಗಿ ಬಿಡಿಸಿ ಹೇಳಿದರು. "ಹೃದಯದಿಂದ ರಕ್ತ ಜೋರಾಗಿ ಬರೋ ನಾಳ ಬೇರೆ, ಮೆಲ್ಲಗೆ ವಾಪಸ್ ಹೋಗೋ ನಾಳ ಬೇರೆ. ಎರಡರ ನಡುವೆ ಕೂದಲಿನಂಥ ನಾಳಗಳ ಬಲೆ ಇರತ್ತೆ, ಅದು ರಭಸ ತಡೆಯತ್ತೆ. ನಿಮ್ಮ ಮನೆಯವರಿಗೆ ಕೆಲವು ಕಡೆ ಆ ಬಲೇನೇ ಇಲ್ಲ, ಎರಡೂ ನೇರ ಸೇರ್ಕೊಂಡಿವೆ. ಮೂಗಲ್ಲಿದ್ರೆ ಮೂಗು ಸೋರತ್ತೆ. ತಲೇಲಿದ್ರೆ ಹೀಗಾಗತ್ತೆ."

"ಬಾಯ್ಲರಿನ ಹಬೇನ ನೇರ ರಬ್ಬರ್ ಪೈಪಿಗೆ ಬಿಟ್ಟ ಹಾಗೆ," ಎಂದರು ಯಜಮಾನರು, ತಮಗೆ ತಾವೇ ಹೇಳಿಕೊಳ್ಳುವಂತೆ.

"ಹಾಗೇನೇ. ಹುಟ್ಟುವಾಗಲೇ ಬರೋದು. ತಂದೆಗಿದ್ರೆ ಪ್ರತಿ ಮಗೂಗೂ ಬರೋದು, ಬಿಡೋದು ಅರ್ಧಕ್ಕರ್ಧ. ಆದ್ರೆ ಮೊದಲೇ ಗೊತ್ತಾದ್ರೆ ಒಡೆಯೋಕೆ ಮುಂಚೆ ಸರಿ ಮಾಡಬಹುದು. ಅದಕ್ಕೇ ಮನೆಯವರೆಲ್ಲ ಪರೀಕ್ಷೆ ಮಾಡಿಸ್ಕೊಳ್ಳಿ."

ಪ್ರತಿ ಮಗುವಿಗೂ ಎಂಬ ಮಾತಿಗೆ ಯಜಮಾನರು ತಲೆ ತಗ್ಗಿಸಿದರು. ಅಮ್ಮ ಅವರ ತೋಳು ಹಿಡಿದು ಹೊರಗೆ ಕರೆದೊಯ್ದಳು.

ತೌಡು ಅಕ್ಕನ ಹಾಸಿಗೆಯ ಪಕ್ಕ ನಿಂತು ಅವಳಿಗೆ ನೀರು ಕುಡಿಸುತ್ತಿದ್ದಾಗ ಡಾಕ್ಟರಮ್ಮನ ಕಣ್ಣು ಅವನ ಬೆರಳಿನ ಮೇಲೆ ಬಿತ್ತು. ತುದಿಗಳಲ್ಲಿ ಮೂರು ನಾಲ್ಕು ಕೆಂಪು ಚುಕ್ಕೆ, ಸಾಸಿವೆಗಿಂತ ಚಿಕ್ಕವು.

"ಇವೇನು?"

"ಇಸ್ತ್ರಿ ಹಬೆ ಡಾಕ್ಟ್ರೇ. ನಮ್ಮ ಕಸುಬಿನ ಮುದ್ರೆ."

ಅವರು ಒಂದು ಚುಕ್ಕೆಯನ್ನು ಒತ್ತಿ ಹಿಡಿದರು. ಕೆಂಪು ಮಾಯವಾಯಿತು. ಬೆರಳು ತೆಗೆದರು, ಮತ್ತೆ ತುಂಬಿಕೊಂಡಿತು. "ಸುಟ್ಟ ಕಲೆ ಹೀಗೆ ಹೋಗಿ ಬರಲ್ಲ."

"ನನ್ನ ಮೂಗು ಯಾವತ್ತೂ ಸೋರಿಲ್ಲವಲ್ಲ."

"ಕೆಲವರಿಗೆ ಮೂಗು ಸುಮ್ಮನೇ ಇರತ್ತೆ. ನೀವು ಪರೀಕ್ಷೆ ಮಾಡಿಸಲೇಬೇಕು."

ನಾಚಿಕೆಗೇಡಿನ ಮಾತು, ಆದರೂ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಆ ಕ್ಷಣ ತೌಡುವಿಗೆ ಭಯವಾಗಲಿಲ್ಲ, ಆಸೆಯಾಯಿತು. ಹಾಸಿಗೆಯ ಮೇಲೆ ಅಕ್ಕನ ಬಾಯಿ ಓರೆಯಾಗಿದೆ, ಹೊರಗೆ ಹೆತ್ತವರು ಅಳುತ್ತಿದ್ದಾರೆ, ಇವನು ಬೆರಳಿನ ಚುಕ್ಕೆಯನ್ನು ಒತ್ತಿ ಬಿಟ್ಟು, ಒತ್ತಿ ಬಿಟ್ಟು ನೋಡಿಕೊಳ್ಳುತ್ತಿದ್ದಾನೆ. ಮನೆಗೆ ಹೋಗಿ ಹೆಂಡತಿಗೆ ಈ ವಿಷಯ ಹೇಳಲೂ ಇಲ್ಲ.

ಅಕ್ಕ ಮನೆಗೆ ಬಂದಳು. ತಲೆಯೊಳಗೆ ಒಡೆದಿದ್ದ ನಾಳಗಳ ಗಂಟನ್ನು ತೊಡೆಯ ಬಳಿಯಿಂದ ಸಣ್ಣ ತಂತಿ ತೂರಿಸಿ ಮುಚ್ಚಿದ್ದರು. ಈಗ ಕೈಗೆ ವ್ಯಾಯಾಮ, ನಾಲಿಗೆಗೆ ವ್ಯಾಯಾಮ. ಅಮ್ಮ ತುತ್ತು ಮಾಡಿ ಬಾಯಿಗಿಡಲು ಹೋದರೆ ಅವಳು ಎಡಗೈಯಿಂದ ತಳ್ಳುತ್ತಿದ್ದಳು.

"ನಾ... ನೇ... ತಿಂ..."

"ತಿನ್ನು ತಾಯಿ, ಅರ್ಧ ನೆಲಕ್ಕೆ, ಅರ್ಧ ಸೀರೆಗೆ. ಒಗೆಯೋಕೆ ನಾನಿದೀನಲ್ಲ!"

"ಅತ್ತೆ, ಚೆಲ್ಲಲಿ ಬಿಡಿ. ಅಭ್ಯಾಸ ಆಗಬೇಕು," ಎನ್ನುತ್ತಿದ್ದಳು ಸೊಸೆ, ಗುಬ್ಬಿಯ ಅಮ್ಮ.

ಈ ಸೊಸೆ ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುವವಳು. ದಿನವಿಡೀ ಜಾಲರಿಯ ಹಿಂದೆ ಕೂತು ಜನರ ಜೊತೆ ಗುದ್ದಾಡಿ ಬರುವವಳಿಗೆ ಸುತ್ತಿ ಬಳಸಿ ಮಾತಾಡುವುದು ಬರುತ್ತಿರಲಿಲ್ಲ. ಒಂದು ಸಂಜೆ ಮನೆಯ ಕೆಂಪು ಟವೆಲ್ಲುಗಳನ್ನೆಲ್ಲ ಗಂಟು ಕಟ್ಟಿ ಅಂಗಡಿಯ ನೆಲ ಒರೆಸಲು ಹಾಕಿ, ಬಚ್ಚಲಲ್ಲಿ, ಅಡುಗೆಮನೆಯಲ್ಲಿ ಬಿಳಿ ಟವೆಲ್ ತೂಗುಹಾಕಿದಳು.

"ಇದೇನೇ ಇದು? ಒಂದು ಹನಿ ಬಿದ್ರೂ ಎದ್ದು ಕಾಣತ್ತಲ್ಲ!" ಎಂದಳು ಅತ್ತೆ.

"ಕಾಣಲಿ ಅಂತಲೇ ಹಾಕಿದ್ದು ಅತ್ತೆ. ಕಾಣದ ಹಾಗೆ ಇಟ್ಕೊಂಡು ಇಷ್ಟು ದಿನ ಆಗಿದ್ದು ಸಾಕು."

ಅತ್ತೆಗೆ ಎಲ್ಲಿಲ್ಲದ ಕೋಪ ಬಂತು. ಆ ವಾರ ಸೊಸೆಗೆ ಚಹಾ ಕೊಡುವಾಗ ಲೋಟ ಕುಕ್ಕಿಯೇ ಇಟ್ಟಳು.

ಯಜಮಾನರ ತಮಾಷೆ ನಿಂತುಹೋಗಿತ್ತು. ಊಟಕ್ಕೆ ಎಲ್ಲರ ಜೊತೆ ಕೂರುತ್ತಿರಲಿಲ್ಲ. ಮಗಳು ತೊದಲುತ್ತ ಎಡಗೈಯಲ್ಲಿ ಚಮಚ ಹಿಡಿಯುವುದನ್ನು ನೋಡಲಾರದೆ ಕೆಳಗೆ ಅಂಗಡಿಯಲ್ಲಿ ಬಾಯ್ಲರಿನ ಪಕ್ಕ ತಟ್ಟೆ ತರಿಸಿಕೊಳ್ಳುತ್ತಿದ್ದರು. ಅಲ್ಲಿ ಒಂದು ಮಧ್ಯಾಹ್ನ ಮಗನ ಮುಖವನ್ನೇ ನೋಡುತ್ತ ಹೇಳಿದರು.

"ನೀನೊಬ್ಬ ಉಳಿದ್ಯಲ್ಲೋ. ಅದೊಂದೇ ಸಮಾಧಾನ ನನಗೆ."

"ಯಾಕಪ್ಪಾ ಹಾಗಂತೀಯಾ?"

"ನನ್ನ ತಂಗಿ ಹೋದಳು. ಮಗಳು ಹೀಗಾದಳು. ಎಲ್ಲ ನನ್ನ ಕಡೆಯಿಂದ ಬಂದದ್ದು. ಅನ್ನ ಗಂಟಲಲ್ಲಿ ಇಳಿಯಲ್ಲ ಕಣೋ. ಆಗ ನಿನ್ನ ಮೂಗು ನೆನಪಾಗತ್ತೆ. ನಿನಗೊಬ್ಬನಿಗೆ ನಾನು ಇದನ್ನ ಕೊಡಲಿಲ್ಲ ಅಂದ್ಕೊಂಡು ಎರಡು ತುತ್ತು ತಿಂತೀನಿ."

"ಗುಬ್ಬಿಗೆ ಅವತ್ತು..."

"ಅದು ಉಷ್ಣ! ಮಕ್ಕಳಿಗೆ ಬರಲ್ವಾ? ನಿನಗೇ ಇಲ್ಲದ ಮೇಲೆ ಅವಳಿಗೆ ಎಲ್ಲಿಂದ ಬರತ್ತೆ? ಹುಚ್ಚ."

ತೌಡು ಬೆರಳುಗಳನ್ನು ಮಡಿಸಿಕೊಂಡ. ಹುಟ್ಟಿದಾಗಿನಿಂದ ಅಪ್ಪ ಇಷ್ಟು ಮೆತ್ತಗೆ ಅವನ ಜೊತೆ ಮಾತಾಡಿದ್ದೇ ಇಲ್ಲ. ಈಗ ಹೇಳುವುದಂತೂ ಆಗದ ಮಾತಾಯಿತು.

ಆದರೆ ಅವತ್ತು ಆಸ್ಪತ್ರೆಯಲ್ಲಿ ಅಕ್ಕನ ನಾಲಿಗೆ ಬಿದ್ದಿತ್ತೇ ಹೊರತು ಕಿವಿ ಬಿದ್ದಿರಲಿಲ್ಲ. ತಮ್ಮನ ಹೆಂಡತಿ ಕೂದಲು ಬಾಚಿ ಜಡೆ ಹಾಕುತ್ತಿದ್ದಾಗ ಅವಳು ತನ್ನ ಬೆರಳ ತುದಿಯನ್ನು ಎತ್ತಿ ತೋರಿಸಿದಳು. "ಅವ... ನ... ಬೆರಳು... ನೋಡು. ಡಾಕ್ಟ್ರು... ಹೇಳಿದ್ರು."

ಸೊಸೆ ಬಾಚಣಿಗೆ ಹಿಡಿದುಕೊಂಡೇ ಮೆಟ್ಟಿಲಿಳಿದಳು.

"ಕೈ ತೋರಿಸ್ರೀ."

"ಯಾವ ಕೈ? ಕೆಲಸ ರಾಶಿ ಬಿದ್ದಿದೆ, ಹೋಟೆಲಿನವರ ಬಟ್ಟೆ ಸಂಜೆಗೆ ಕೊಡಬೇಕು."

ಅವಳು ಇಸ್ತ್ರಿಯ ಸ್ವಿಚ್ಚು ಆರಿಸಿ, ಅವನ ಕೈ ಹಿಡಿದೆಳೆದು, ಚುಕ್ಕೆ ಒತ್ತಿ ನೋಡಿದಳು. ಹೋಯಿತು, ಬಂತು.

"ಎಷ್ಟು ವಾರ ಆಯ್ತು ಅವರು ಹೇಳಿ? ಗುಬ್ಬಿಗೆ ಮೊನ್ನೆ ಶಾಲೇಲಿ ಮತ್ತೆ ರಕ್ತ ಬಂದಿದೆ, ಗೊತ್ತಿದೆ ತಾನೇ? ನಿಮಗಿಲ್ಲ ಅಂದ್ರೆ ಅವಳಿಗಿಲ್ಲ, ನಿಶ್ಚಿಂತೆ. ಇದೆ ಅಂದ್ರೆ ಅವಳ ತಲೆ ಸ್ಕ್ಯಾನ್ ಮಾಡಿಸಬೇಕು. ಇಷ್ಟು ಸಣ್ಣ ವಿಷಯ. ಏನ್ರೀ ನಿಮಗೆ ಕಷ್ಟ? ಸೂಜಿ ಭಯಾನಾ?"

"ಅಂಗಡಿ ಯಾರು ನೋಡ್ಕೋತಾರೆ?"

"ಅಂಗಡಿ ಹಾಳಾಗಲಿ. ಭಯ ಏನು ಹೇಳಿ."

"ಇಲ್ಲ ಅಂತ ಬಂದುಬಿಟ್ರೆ?"

"ಏನಂದ್ರಿ?"

ಆಡಬಾರದ್ದು ಆಡಿಯಾಗಿತ್ತು, ಇನ್ನು ನುಂಗುವ ಹಾಗಿರಲಿಲ್ಲ. "ಇಲ್ಲ ಅಂತ ಬಂದ್ರೆ ನಾನು ತೌಡೇ ಅಂತಾಯ್ತಲ್ಲ. ನಿನಗೆ ಗೊತ್ತಾಗಲ್ಲ ಬಿಡು. ಎಲ್ಲರೂ ಒಂದು ಗುಂಪು, ನಾನೊಬ್ಬ ಹೊರಗೆ. ತಮಾಷೇನೇ. ಆದ್ರೆ ಇಷ್ಟು ವರ್ಷ ಕೇಳಿದ ಮೇಲೆ..." ಅವನು ಆರಿದ ಇಸ್ತ್ರಿಯನ್ನು ಅತ್ತ ಸರಿಸಿದ. "ಇದೆ ಅಂತ ಬಂದ್ರೆ ಅಪ್ಪ ಉಳಿಯಲ್ಲ. ನಾನೊಬ್ಬ ಚೆನ್ನಾಗಿದೀನಿ ಅಂತ ಈಗ ಊಟ ಮಾಡ್ತಿದಾನೆ."

ಬೈಯಬೇಕೆಂದು ಬಂದ ಹೆಂಡತಿಗೆ ಅಯ್ಯೋ ಅನ್ನಿಸಿತು. ಆದರೂ ಬಿಡಲಿಲ್ಲ.

"ನೀವು ಯಾರ ಮಗ ಅನ್ನೋದು ಆಮೇಲಾಗಲಿ. ಗುಬ್ಬಿಗೆ ಅಪ್ಪ ಹೌದೋ ಅಲ್ವೋ? ಅದಕ್ಕೆ ಪರೀಕ್ಷೆ ಬೇಕಾ?"

ಮರುದಿನ ಬೆಳಿಗ್ಗೆ ಅವನು ರಕ್ತ ಕೊಟ್ಟು ಬಂದ. ಅಪ್ಪನಿಗೆ ಹೋಟೆಲಿನ ಬಟ್ಟೆ ತರಲು ಹೋಗಿದ್ದೆ ಎಂದ.

ಉತ್ತರ ಬರುವವರೆಗಿನ ವಾರಗಳಲ್ಲಿ ಲಾಂಡ್ರಿಯ ಕೆಲಸ ಕೆಟ್ಟು ಕೆರ ಹಿಡಿಯಿತು. ಯಾರದೋ ಮದುವೆಯ ಕೋಟು ಯಾರಿಗೋ ಹೋಯಿತು. ಒಂದು ರೇಷ್ಮೆ ಷರ್ಟಿನ ಬೆನ್ನ ಮೇಲೆ ಇಸ್ತ್ರಿ ತನ್ನ ಪೂರ್ತಿ ಆಕಾರ ಬಿಟ್ಟು ಎದ್ದಿತು. ಅಕ್ಕ ತಡೆಯಲಾರದೆ ಕೆಳಗಿಳಿದು ಬಂದು ಕೌಂಟರಿನಲ್ಲಿ ಕೂತಳು. ಎಡಗೈಯಲ್ಲಿ ಚೀಟಿ ಬರೆಯುವುದು ಕಲಿತಳು. ಅಕ್ಷರ ಕೋಳಿ ಕೆದರಿದ ಹಾಗಿದ್ದವು, ಆದರೆ ಬಟ್ಟೆ ಅದಲುಬದಲಾಗುವುದು ನಿಂತಿತು. ಗುಬ್ಬಿ ಅವಳ ಮಾತುಗಳನ್ನು ಗಿರಾಕಿಗಳಿಗೆ ಬಿಡಿಸಿ ಹೇಳುವ ಕೆಲಸ ತಾನೇ ವಹಿಸಿಕೊಂಡಳು. "ಅತ್ತೆ ಹೇಳ್ತಿದಾರೆ, ಹಳೇ ಬಾಕಿ ಕೊಟ್ಟು ಬಟ್ಟೆ ತಗೊಂಡು ಹೋಗಬೇಕಂತೆ." ಅಕ್ಕ ಹಾಗೆ ಹೇಳಿಯೇ ಇರಲಿಲ್ಲ. ಓರೆ ಬಾಯಲ್ಲೇ ನಕ್ಕು ನಕ್ಕು ಕಣ್ಣು ಒರೆಸಿಕೊಂಡಳು.

ಕೊನೆಗೆ ಆಸ್ಪತ್ರೆಯಿಂದ ಕರೆ ಬಂತು. ಗಂಡ ಹೆಂಡತಿ ಇಬ್ಬರೂ ಹೋಗಿ ಕೂತರು. ಡಾಕ್ಟರಮ್ಮ ಮಾತು ಬೆಳೆಸಲಿಲ್ಲ.

"ನಿಮ್ಮಲ್ಲೂ ಇದೆ. ನಿಮ್ಮ ಅಕ್ಕನಿಗೆ ಇರೋದೇ."

ಅವನ ಎದೆಯಲ್ಲಿ ಮೊದಲು ಎದ್ದದ್ದು ಸಂತೋಷ. ಶುದ್ಧ ಸಂತೋಷ. ನಾನು ಅಪ್ಪನ ಮಗನೇ! ಕಣ್ಣು ಮಿಟುಕಿಸುವಷ್ಟು ಹೊತ್ತು ಇದ್ದಿತೋ ಇಲ್ಲವೋ. ಅಷ್ಟರಲ್ಲಿ ಪಕ್ಕದಲ್ಲಿ ಹೆಂಡತಿ ಅವನ ಮಣಿಕಟ್ಟು ಹಿಡಿದಳು. ಅವಳ ಉಗುರು ಚರ್ಮಕ್ಕೆ ಇಳಿಯುತ್ತಿತ್ತು. ಆ ಸಂತೋಷವನ್ನು ಅವನು ಜೀವಮಾನವಿಡೀ ತನಗೆ ತಾನೇ ಕ್ಷಮಿಸಿಕೊಳ್ಳಲಿಲ್ಲ.

"ಗುಬ್ಬಿ?" ಎಂದ. ಆ ಒಂದು ಮಾತೇ ಹೊರಟಿತು.

"ನಾಳೆ ಕರ್ಕೊಂಡ್ಬನ್ನಿ. ರಕ್ತ ನೋಡೋಣ. ಬಂದಿರಬಹುದು, ಬರದೇ ಇರಬಹುದು. ಬಂದಿದ್ರೂ ತಲೇಲಿ ಏನೂ ಇಲ್ಲದೇ ಇರಬಹುದು. ಇದ್ರೂ ಅವಳಿಗೆ ಏನಾಗೋ ಮೊದಲೇ ನಮಗೆ ಗೊತ್ತಿರತ್ತೆ. ನಿಮ್ಮ ಅಕ್ಕನಿಗೆ ಆ ಅವಕಾಶ ಸಿಗಲಿಲ್ಲ."

ಬಸ್ಸಿನಿಂದ ಇಳಿಯುವ ಮುಂಚೆ ಹೆಂಡತಿ ಕೇಳಿದಳು. "ಮಾವನಿಗೆ ನಾನು ಹೇಳ್ಲಾ?"

"ಬೇಡ. ನಾನೇ ಹೇಳಬೇಕು."

ಮನೆಗೆ ಬಂದಾಗ ಅಮ್ಮ ಬೇಳೆ ಬೇಯಲು ಇಟ್ಟಿದ್ದಳು, ಅಕ್ಕ ಎಡಗೈಯಿಂದ ಬಟಾಣಿ ಬಿಡಿಸುತ್ತಿದ್ದಳು. ಯಜಮಾನರು ಅಪರೂಪಕ್ಕೆ ಮೇಲೆ ಬಂದು, ಗುಬ್ಬಿಗೆ ಅಂಗಿ ಮಡಿಸುವುದು ಹೇಳಿಕೊಡುತ್ತಿದ್ದರು. ತೋಳು ಒಳಗೆ, ಅಂಚು ಮೇಲೆ. ಮಗುವಿನ ಕಡೆ ಬಾಗಿದ್ದ ಅವರ ಮುಖದಲ್ಲಿ ಬಹಳ ದಿನದ ಮೇಲೆ ಕಳೆಯಿತ್ತು.

"ಅಪ್ಪಾ," ಎಂದ ತೌಡು.

"ಬಂದ್ಯಾ? ನೋಡು, ನಿನಗಿಂತ ಚೆನ್ನಾಗಿ ಮಡಿಸ್ತಾಳೆ."

"ಅಪ್ಪಾ, ನಾನೂ ಪರೀಕ್ಷೆ ಮಾಡಿಸಿದ್ದೆ. ನನಗೂ ಇದೆ."

"ಏನಿದೆ?"

"ನಿನ್ನದೇ ಅಪ್ಪಾ. ನಮ್ಮ ಮನೇದು. ನಾಳೆ ಗುಬ್ಬೀನ ಕರ್ಕೊಂಡು ಹೋಗಬೇಕು."

ಅಕ್ಕನ ಕೈಯಲ್ಲಿನ ಬಟಾಣಿ ನೆಲಕ್ಕೆ ಉರುಳಿದವು. ಅಮ್ಮ ಒಲೆಯ ಮುಂದಿನಿಂದ ತಿರುಗಿದವಳು ಅಲ್ಲೇ ನಿಂತಳು. ಯಜಮಾನರು ಮಗನ ಮುಖ ನೋಡಿದರು, ಮೊಮ್ಮಗಳ ಮುಖ ನೋಡಿದರು, ಮತ್ತೆ ಮಗನ ಮುಖ ನೋಡಿದರು. ಅಂಗಿ ಅವರ ಮಡಿಲಿನಿಂದ ಜಾರಿತು. ಅವರು ಎದ್ದು ಬಂದು ಮಗನ ಎರಡೂ ಭುಜ ಹಿಡಿದುಕೊಂಡರು.

"ಹುಟ್ಟಿದಾಗಿನಿಂದ ತೌಡು ತೌಡು ಅಂತ ಕರೆದೆನಲ್ಲೋ," ಎಂದು ಗೊಳೋ ಎಂದು ಅತ್ತರು. "ದೇವರು ಅದೊಂದನ್ನಾದರೂ ನಿಜ ಮಾಡಬಾರದಿತ್ತೇನೋ ಮಗನೇ!"